ನೆಲದಡಿಯ ನಾಲ್ಕು ಕಿಲೋಮೀಟರ್: ನಮ್ಮ ಕ್ಯಾಂಪಸ್ ನೆಟ್‌ವರ್ಕ್ ಕೆಲಸದ ದಿನಚರಿ

ರಸಾಯನಶಾಸ್ತ್ರ ವಿಭಾಗದ ಮೆಟ್ಟಿಲ ಕೆಳಗೆ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಬಾಗಿಲು ತೆಗೆದಾಗ ಮೊದಲು ಕಂಡದ್ದು ಹಲ್ಲಿಯ ಮೊಟ್ಟೆಗಳು. ಆಮೇಲೆ ಇರುವೆ ತಂದು ಗುಡ್ಡೆ ಹಾಕಿದ ಮಣ್ಣು. ಅದರ ಹಿಂದೆ ಕಂಪ್ಯೂಟರುಗಳ ತಂತಿಗಳನ್ನು ಒಂದುಗೂಡಿಸುವ 8 ಪೋರ್ಟಿನ ಒಂದು ಸ್ವಿಚ್ಚು, ಪಕ್ಕದಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಮೀಡಿಯಾ ಕನ್ವರ್ಟರ್, ಅಂದರೆ ಗಾಜಿನ ನಾರಿನಲ್ಲಿ ಬಂದ ಬೆಳಕನ್ನು ತಂತಿಯ ಸಂಕೇತವಾಗಿ ಬದಲಿಸುವ ಪೆಟ್ಟಿಗೆ. ಮೂರು ಮಹಡಿಯ ಕಟ್ಟಡದ ಇಂಟರ್ನೆಟ್ ಎಲ್ಲ ಅದರ ಮೂಲಕವೇ ಹೋಗುತ್ತಿತ್ತು. ಅದರ ವೇಗ 100 ಎಂಬಿಪಿಎಸ್.

ಗ್ರಂಥಾಲಯದ ನೆಲಮಹಡಿಗೆ ಎನ್‌ಕೆಎನ್ ಲಿಂಕ್ ಬಂದು ವರ್ಷಗಳಾಗಿದ್ದವು. ಎನ್‌ಕೆಎನ್ ಅಂದರೆ ನ್ಯಾಷನಲ್ ನಾಲೆಜ್ ನೆಟ್‌ವರ್ಕ್, ದೇಶದ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳನ್ನು ಜೋಡಿಸುವ ಜಾಲ. 2010ರಲ್ಲಿ ಕೇಂದ್ರ ಸರ್ಕಾರ ಮಂಜೂರು ಮಾಡಿದ್ದು, ಸರ್ಕಾರದ್ದೇ ಐಟಿ ಸಂಸ್ಥೆ ಎನ್‌ಐಸಿ ಕಟ್ಟಿದ್ದು. ನಮಗೆ ಸಿಕ್ಕಿದ್ದು 1 ಜಿಬಿಪಿಎಸ್, ಅಂದರೆ ಆ ಪೆಟ್ಟಿಗೆಯ ವೇಗದ ಹತ್ತು ಪಟ್ಟು. ಆದರೆ ಕೆರೆ ತುಂಬಿದ್ದರೂ ಮನೆಗೆ ಬರುವ ನಲ್ಲಿ ಅರ್ಧ ಇಂಚಿನದಾದರೆ ಏನು ಬಂತು? ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ದೊಡ್ಡ ಫೈಲ್ ಕಳಿಸಲು ಪೆನ್‌ಡ್ರೈವ್ ಹಿಡಿದು ಗ್ರಂಥಾಲಯದವರೆಗೆ ನಡೆದುಕೊಂಡು ಬರುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತಿತ್ತು. ಅದು ನನ್ನ ಕೆಲಸ ಅಲ್ವಾ?

ನಮ್ಮದು ಉತ್ತರ ಕರ್ನಾಟಕದ ಬಯಲು ಸೀಮೆಯ ಕ್ಯಾಂಪಸ್. ಎರೆ ಭೂಮಿ. ನಾನು ನೆಟ್‌ವರ್ಕ್ ನೋಡಿಕೊಳ್ಳುವವನು. ಜೊತೆಗೆ ಇಬ್ಬರು ಟೆಕ್ನಿಷಿಯನ್ ಹುಡುಗರು. ಇನ್ನೊಬ್ಬರು ಟೆಲಿಫೋನ್ ಲೈನ್ ನೋಡುವ ಹಿರಿಯರು. ಇಡೀ ಕ್ಯಾಂಪಸ್ ಅವರನ್ನು ಕಾಕಾ ಎಂದೇ ಕರೆಯುತ್ತದೆ. ಇಲ್ಲಿ ನೆಲದ ಕೆಳಗೆ ಏನೇನಿದೆ ಎಂದು ಗೊತ್ತಿದ್ದದ್ದು ಅವರೊಬ್ಬರಿಗೇ. ಅವರ ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಇಡೀ ಕ್ಯಾಂಪಸ್ಸಿಗೆ ಹೊಸ ಕೇಬಲ್, ಹೊಸ ಸ್ವಿಚ್ಚು ಹಾಕುವ ಕೆಲಸಕ್ಕೆ ಮಂಜೂರಾತಿ ಸಿಕ್ಕಿದ್ದೂ ಆಗಲೇ.

ಅಳತೆ ಗಾಲಿ ಮತ್ತು ಕಾಕಾ

ಮೊದಲ ಮೂರು ವಾರ ಒಂದು ಸಾಮಾನನ್ನೂ ಖರೀದಿಸಲಿಲ್ಲ. ಬೆಳಿಗ್ಗೆ 7 ಗಂಟೆಗೆ ಅಳತೆ ಗಾಲಿ ತಳ್ಳಿಕೊಂಡು ಹೊರಡುತ್ತಿದ್ದೆವು. ಇದು ಸರ್ವೇಯವರು ರಸ್ತೆ ಅಳೆಯಲು ಬಳಸುವ ಗಾಲಿ. ಉರುಳಿಸುತ್ತಾ ಹೋದರೆ ಮೀಟರ್ ಲೆಕ್ಕ ತೋರಿಸುತ್ತದೆ. ಕಾಕಾ ಮುಂದೆ, ನಾನು ಗಾಲಿ ಹಿಡಿದು ಹಿಂದೆ, ಹುಡುಗರಲ್ಲೊಬ್ಬ ನೋಟ್‌ಬುಕ್ ಹಿಡಿದು ಪಕ್ಕದಲ್ಲಿ.

ಹಳೆಯ ನಕ್ಷೆ ಒಂದಿತ್ತು. ಅದರಲ್ಲಿ ಹಳೆಯ ಕೇಬಲ್ಲಿನ ದಾರಿ ಗ್ರಂಥಾಲಯದಿಂದ ವಿಜ್ಞಾನ ಬ್ಲಾಕಿಗೆ ಸ್ಕೇಲ್ ಇಟ್ಟು ಎಳೆದಂಥ ನೇರ ಗೆರೆ. ಆ ಗೆರೆಯ ಮೇಲೆ ನಡೆಯಲು ಹೊರಟಾಗ ಕಾಕಾ ಅರ್ಧದಲ್ಲೇ ನಿಂತರು.

"ಇಲ್ಲಿಂದ ಸೀದಾ ಹೋಗಿಲ್ರಿ ಸರ. ಆಗ ಇಲ್ಲೊಂದು ಬಾವಿ ಇತ್ರಿ. ಅದನ್ನ ಸುತ್ತು ಹಾಕಿ ಒಯ್ದಾರ."

ಬಾವಿ ಮುಚ್ಚಿ ಅದರ ಮೇಲೆ ಈಗ ಸೈಕಲ್ ಸ್ಟ್ಯಾಂಡ್ ಇದೆ. ಕಾಕಾ ಹೇಳಿದ್ದನ್ನು ಪರೀಕ್ಷಿಸಿ ನೋಡಬಹುದಿತ್ತು. ಹಳೆಯ ಓಎಫ್‌ಸಿ ಕೇಬಲ್ಲಿಗೆ (ಗಾಜಿನ ನಾರಿನಲ್ಲಿ ಬೆಳಕು ಹರಿಸಿ ಮಾಹಿತಿ ಒಯ್ಯುವ ಕೇಬಲ್) ಇಲಿ, ಗುದ್ದಲಿಗಳಿಂದ ರಕ್ಷಣೆಗೆ ಉಕ್ಕಿನ ಪಟ್ಟಿಯ ಹೊದಿಕೆ ಇತ್ತು. ಗಾಜಿನ ನಾರಿನಲ್ಲಿ ವಿದ್ಯುತ್ ಹರಿಯದು, ಆದರೆ ಉಕ್ಕಿನ ಹೊದಿಕೆಯಲ್ಲಿ ಹರಿಯುತ್ತದೆ. ಒಂದು ತುದಿಯಲ್ಲಿ ಆ ಹೊದಿಕೆಗೆ ಟೋನ್ ಕೊಟ್ಟು, ನೆಲದ ಮೇಲೆ ಲೊಕೇಟರ್ ಹಿಡಿದು ನಡೆದರೆ ಕೇಬಲ್ ಇರುವ ಕಡೆ ಸದ್ದು ಜಾಸ್ತಿಯಾಗುತ್ತದೆ. ನಡೆದೆವು. ಸದ್ದು ಸೈಕಲ್ ಸ್ಟ್ಯಾಂಡನ್ನು ಅರ್ಧಚಂದ್ರದ ಹಾಗೆ ಬಳಸಿಕೊಂಡು ಹೋಯಿತು. ಕಾಕಾ ಹೇಳಿದ್ದು ಅಡಿ ಅಡಿಗೂ ಸರಿ ಇತ್ತು.

ಅಂದಿನಿಂದ ಕೆಲಸದ ಕ್ರಮ ಬದಲಾಯಿತು. ಹಳೆಯ ನಕ್ಷೆ ಮಡಚಿಟ್ಟೆವು. ಕಾಕಾ ಹೇಳುವುದು, ಲೊಕೇಟರ್ ಹೌದೆನ್ನುವುದು, ಹುಡುಗ ಬರೆದುಕೊಳ್ಳುವುದು. ಪ್ರತಿ ತಿರುವಿಗೂ ಎರಡು ಗಟ್ಟಿ ಗುರುತುಗಳಿಂದ ದೂರ ಅಳೆದೆವು: ಕಟ್ಟಡದ ಮೂಲೆಯಿಂದ ಇಷ್ಟು, ದೀಪದ ಕಂಬದಿಂದ ಇಷ್ಟು. ಮೊಬೈಲಿನ ಜಿಪಿಎಸ್ ಕೂಡ ಬರೆದುಕೊಂಡೆವು. ಆದರೆ ಮರದ ಕೆಳಗೆ ಅದು ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ. ಗುಂಡಿ ತೋಡುವವನಿಗೆ ನಾಲ್ಕೈದು ಮೀಟರ್ ಅಂದರೆ ಅರ್ಧ ದಿನದ ಕೂಲಿ. ಅದಕ್ಕೇ ಟೇಪಿನ ಅಳತೆಯನ್ನೇ ನಂಬಿದೆವು.

ಏನು ಹಾಕುವುದು?

ಹಳೆಯ ಕೇಬಲ್ ಮಲ್ಟಿಮೋಡ್. ಒಳಗಿನ ಬೆಳಕಿನ ದಾರಿ 62.5 ಮೈಕ್ರಾನ್. ಹಾಕಿದ ಕಾಲಕ್ಕೆ ಅದು ಒಳ್ಳೆಯ ಕೇಬಲ್ಲೇ. ಆದರೆ ದಾರಿ ಅಗಲವಾದಷ್ಟೂ ಬೆಳಕು ಬೇರೆ ಬೇರೆ ಹಾದಿ ಹಿಡಿದು ಹೋಗುತ್ತದೆ. ಒಟ್ಟಿಗೆ ಹೊರಟ ಬೆಳಕು ಒಟ್ಟಿಗೆ ತಲುಪುವುದಿಲ್ಲ. ವೇಗ ಹೆಚ್ಚಿದ ಹಾಗೆ ಈ ಚದುರುವಿಕೆಯೇ ತೊಡಕು. ಕೇಬಲ್ಲಿನೊಳಗೆ ಬೆಳಕು ಕಳಿಸಲು ಸ್ವಿಚ್ಚಿಗೆ ಚುಚ್ಚುವ ಪುಟ್ಟ ಭಾಗಕ್ಕೆ ಮಾಡ್ಯೂಲ್ ಎನ್ನುತ್ತೇವೆ. 10 ಗಿಗಾಬಿಟ್‌ನ ಸಾಮಾನ್ಯ ಎಸ್‌ಆರ್ (ಕಡಿಮೆ ದೂರದ) ಮಾಡ್ಯೂಲ್ ಈ ಕೇಬಲ್ಲಿನಲ್ಲಿ 33 ಮೀಟರ್ ಮಾತ್ರ ಓಡುತ್ತದೆ. ಗ್ರಂಥಾಲಯದಿಂದ ಕ್ಯಾಂಟೀನಿಗೇ ಅದಕ್ಕಿಂತ ದೂರ.

ಸಿಂಗಲ್‌ಮೋಡ್ ನಾರಿನ ಒಳದಾರಿ ಸುಮಾರು 9 ಮೈಕ್ರಾನ್. ಬೆಳಕಿಗೆ ಒಂದೇ ಹಾದಿ. ಎಲ್‌ಆರ್ (ಹೆಚ್ಚು ದೂರದ) ಮಾಡ್ಯೂಲ್ ಹಾಕಿದರೆ 10 ಗಿಗಾಬಿಟ್ 10 ಕಿಲೋಮೀಟರ್ ಹೋಗುತ್ತದೆ. ನಾಳೆ ಇನ್ನೂ ಹೆಚ್ಚು ವೇಗ ಬೇಕಾದರೆ ಎರಡೂ ತುದಿಯ ಮಾಡ್ಯೂಲ್ ಬದಲಾಯಿಸಿದರೆ ಸಾಕು, ನೆಲ ಅಗೆಯಬೇಕಿಲ್ಲ. "ಕ್ಯಾಂಪಸ್ ಒಳಗೆ ಸಿಂಗಲ್‌ಮೋಡ್ ಯಾಕೆ?" ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಕೇಬಲ್ಲಿನ ಬೆಲೆಗಿಂತ ಅಗೆಯುವ ಖರ್ಚೇ ದೊಡ್ಡದು ಎಂದು ಲೆಕ್ಕ ಬರೆದು ತೋರಿಸಿದೆ. ಒಪ್ಪಿದರು.

ಇನ್ನೊಂದು ಪ್ರಶ್ನೆ ದಾರಿಯದು. ಹಳೆಯದು ಮರದ ಕೊಂಬೆಗಳ ಹಾಗೆ ಹರಡಿತ್ತು. ಬುಡದ ಹತ್ತಿರ ಕಡಿದರೆ ಮೇಲಿನದೆಲ್ಲ ಸತ್ತಂತೆ. ಈ ಸಲ ಉಂಗುರ ಹಾಕಿದೆವು. ಒಟ್ಟು 4.2 ಕಿಲೋಮೀಟರ್, 24 ಕೋರಿನ, ಅಂದರೆ 24 ನಾರಿನ ಕೇಬಲ್. ಉಂಗುರದ ಒಂದು ಕಡೆ ಗ್ರಂಥಾಲಯ, ಎದುರು ಕಡೆ ಆಡಳಿತ ಕಟ್ಟಡ. ಎರಡರಲ್ಲೂ ದೊಡ್ಡ ಸ್ವಿಚ್ಚು. ನಡುವೆ ಒಂದು ಬದಿಗೆ 6 ಕಟ್ಟಡ, ಇನ್ನೊಂದು ಬದಿಗೆ 5. ಪ್ರತಿ ಕಟ್ಟಡದಿಂದ ಒಂದು ಜೋಡಿ ನಾರು ಗ್ರಂಥಾಲಯಕ್ಕೆ, ಇನ್ನೊಂದು ಜೋಡಿ ವಿರುದ್ಧ ದಿಕ್ಕಿನಿಂದ ಆಡಳಿತ ಕಟ್ಟಡಕ್ಕೆ. ಹೆಚ್ಚು ಕಟ್ಟಡಗಳಿರುವ ಬದಿಯಲ್ಲೂ 12 ಕೋರ್ ಇದಕ್ಕೆ, 4 ಕೋರ್ ದೊಡ್ಡ ಸ್ವಿಚ್ಚುಗಳ ನಡುವಿನ ಸಂಪರ್ಕಕ್ಕೆ, 8 ಖಾಲಿ. ಎಲ್ಲಿ ಒಂದು ಕಡೆ ಕಡಿದರೂ ಯಾವ ಕಟ್ಟಡವೂ ಬೇರೆಯಾಗಬಾರದು. ಈ ಒಂದು ಮಾತನ್ನು ಮಾತ್ರ ನಾನು ಎಲ್ಲೂ ಬಿಟ್ಟುಕೊಡಲಿಲ್ಲ.

ಟೆಂಡರ್, ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್, ಹೋಲಿಕೆ ಪಟ್ಟಿ, ಸಹಿಗಳು: ಇದಕ್ಕೆ ಐದು ತಿಂಗಳು ಹೋಯಿತು. ಅದರ ಬಗ್ಗೆ ಬರೆಯಲು ಹೆಚ್ಚೇನಿಲ್ಲ.

ಎರೆಮಣ್ಣಿನಲ್ಲಿ ಕಾಲುವೆ

ಜನವರಿಯಲ್ಲಿ ಅಗೆತ ಶುರು. ಎರೆ ಭೂಮಿಯಲ್ಲಿ ಕೆಲಸಕ್ಕೆ ಇದೇ ಸರಿಯಾದ ಕಾಲ. ಮಳೆಗಾಲದಲ್ಲಿ ಜೆಸಿಬಿ ಗಾಲಿ ಹೂತು ನಿಂತುಬಿಡುತ್ತದೆ. ಏಪ್ರಿಲ್ ಹೊತ್ತಿಗೆ ನೆಲ ಬಿರುಕು ಬಿಟ್ಟು ಕಲ್ಲಿನ ಹಾಗಾಗುತ್ತದೆ. ಬಿರುಕಿನಲ್ಲಿ ಅಂಗೈ ಇಳಿಯುತ್ತದೆ, ಕೆಲವು ಕಡೆ ಮೊಣಕೈವರೆಗೂ. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಒಳಗಿರುವ ಪೈಪನ್ನೂ ಜೊತೆಗೆ ಎಳೆದಾಡುತ್ತದೆ.

ಕಾಲುವೆಯ ಆಳ 1 ಮೀಟರ್. ತಳಕ್ಕೆ ಅರ್ಧ ಅಡಿ ಮರಳು. ಅದರ ಮೇಲೆ 40 ಮಿಲಿಮೀಟರಿನ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪು ಎರಡು. ಒಂದರಲ್ಲಿ ಕೇಬಲ್, ಇನ್ನೊಂದು ಖಾಲಿ. ಖಾಲಿ ಪೈಪು ಸುಮ್ನೆ ಖರ್ಚು ಅಂತ ಕೆಲವರಿಗೆ ಅನಿಸಿತು. ಹತ್ತು ವರ್ಷದ ನಂತರ ಬರುವವರು ಮತ್ತೆ ರಸ್ತೆ ಅಗೆಯದೆ ಅದರಲ್ಲಿ ಹೊಸ ಕೇಬಲ್ ಎಳೆಯಬಹುದು. ಪೈಪಿನ ಮೇಲೆ ಮತ್ತೆ ಮರಳು, ಆಮೇಲೆ ಮಣ್ಣು. ಅರ್ಧ ಮೀಟರ್ ಮುಚ್ಚಿದ ಮೇಲೆ ಕಿತ್ತಳೆ ಬಣ್ಣದ ಎಚ್ಚರಿಕೆ ಪಟ್ಟಿ. ಅಗೆಯುವವನ ಗುದ್ದಲಿಗೆ ಮೊದಲು ಆ ಪಟ್ಟಿ ಸಿಗಬೇಕು. ರಸ್ತೆ ದಾಟುವ ಕಡೆ ಜಿಐ ಪೈಪಿನ ಒಳಗೆ ಎಚ್‌ಡಿಪಿಇ.

ಕೇಬಲ್ ಎಳೆಯುವಾಗ ನಾನು ಡ್ರಮ್ಮಿನ ಹತ್ತಿರವೇ ನಿಲ್ಲುತ್ತಿದ್ದೆ. ಜೋರಾಗಿ ಎಳೆದರೆ, ಚೂಪಾಗಿ ಬಾಗಿಸಿದರೆ ಹೊರಗಿನ ಪ್ಲಾಸ್ಟಿಕ್ಕಿಗೆ ಏನೂ ಆಗುವುದಿಲ್ಲ. ಒಳಗಿನ ನಾರಿಗೆ ಪೆಟ್ಟು ಬಿದ್ದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಎಳೆಯುವಾಗ ಕೇಬಲ್ಲಿನ ದಪ್ಪದ 20 ಪಟ್ಟಿಗಿಂತ ಚಿಕ್ಕ ಬಳಸು ಬರಬಾರದು. ಹುಡುಗರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು ಅಂತ ಒಂದು ಸೈಕಲ್ ರಿಮ್ ತಂದಿಟ್ಟೆ. "ಇದಕ್ಕಿಂತ ಚಿಕ್ಕ ಸುತ್ತು ಬೇಡ" ಎಂದೆ. ಆಮೇಲೆ ಯಾರೂ ತಪ್ಪಲಿಲ್ಲ.

ದಾರಿಯಲ್ಲಿ ಅಲ್ಲಲ್ಲಿ ಚೇಂಬರ್ ಇವೆ, ಅಂದರೆ ಕೇಬಲ್ ಮುಟ್ಟಲು ನೆಲದಲ್ಲಿ ಕಟ್ಟಿದ ಮುಚ್ಚಳದ ಗುಂಡಿ. ಪ್ರತಿ ಚೇಂಬರಿನಲ್ಲಿ 10 ಮೀಟರ್ ಕೇಬಲ್ ಸುತ್ತಿ ಬಿಟ್ಟೆವು. ಮುಂದೆ ಎಲ್ಲಾದರೂ ಕಡಿದರೆ ಎಳೆದು ಜೋಡಿಸಲು ಇದು ಬೇಕು. ಈ 10 ಮೀಟರಿನ ಮಾತು ಮುಂದೆ ಮತ್ತೆ ಬರುತ್ತದೆ.

ಒಂದು ಕಡೆ ತಪ್ಪಾಯಿತು. ಪೈಪಿನ ರೋಲ್ ಮುಗಿದದ್ದು ಚೇಂಬರಿಗೆ ಇನ್ನೂ ದೂರವಿದ್ದಾಗ. ಅಲ್ಲೇ ಕಪ್ಲರ್ ಹಾಕಿ ಎರಡು ಪೈಪು ಜೋಡಿಸಿ ಮಣ್ಣು ಮುಚ್ಚಿದೆವು. ಆ ದಿನ ಸಂಜೆಯಾಗಿತ್ತು. ನಾನೇ ಒಪ್ಪಿದ್ದೆ.

ನಾರು ಜೋಡಿಸುವ ರಾತ್ರಿ

ಸ್ಪ್ಲೈಸಿಂಗ್, ಅಂದರೆ ಎರಡು ನಾರಿನ ತುದಿ ಬೆಸೆಯುವ ಕೆಲಸ, ನನಗೆ ಎಲ್ಲಕ್ಕಿಂತ ಇಷ್ಟ. ಹೊರಗಿನ ಕಪ್ಪು ಹೊದಿಕೆ ಸುಲಿದರೆ ಹಳದಿ ನೂಲು. ಅದರೊಳಗೆ ಎರಡು ಕೊಳವೆ. ಕೊಳವೆ ಕತ್ತರಿಸಿದರೆ ಅಂಟಂಟಾದ ಜೆಲ್ಲಿಯಲ್ಲಿ ಮಲಗಿದ 12 ನಾರು, ಹನ್ನೆರಡು ಬಣ್ಣ. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿನೀಲಿ. ಈ ಸಾಲು ಬಾಯಿಪಾಠ ಇರಬೇಕು. ನೀಲಿ ಅಂದರೆ 1ನೇ ನಾರು, ತಿಳಿನೀಲಿ ಅಂದರೆ 12ನೆಯದು.

ಒಂದೊಂದನ್ನೂ ಜೆಲ್ಲಿ ಒರೆಸಿ ಬೇರೆ ಮಾಡುತ್ತೇವೆ. ಆಮೇಲೆ ಜೋಡಣೆಯ ಮೇಲೆ ಕೂರುವ ರಕ್ಷಣೆಯ ಪುಟ್ಟ ಕವಚವನ್ನು (ಸ್ಲೀವ್) ಮೊದಲೇ ನಾರಿಗೆ ಪೋಣಿಸಬೇಕು. ಮರೆತರೆ ಜೋಡಣೆ ಕತ್ತರಿಸಿ ಮತ್ತೆ ಮೊದಲಿನಿಂದ ಶುರು. ಸ್ಟ್ರಿಪ್ಪರಿನಿಂದ ಬಣ್ಣದ ಲೇಪ ಸುಲಿದರೆ 250 ಮೈಕ್ರಾನಿನ ನಾರು 125 ಮೈಕ್ರಾನಿಗೆ ಇಳಿಯುತ್ತದೆ. ಈಗ ಅದು ಬರೀ ಗಾಜು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿದಾಗ ಕಿಂಯ್ ಎಂದು ಸಣ್ಣ ಸದ್ದು ಬರುತ್ತದೆ. ಆ ಸದ್ದು ಬಂದರೆ ಶುದ್ಧವಾಯಿತು ಅಂತ. ಆಮೇಲೆ ಕ್ಲೀವರಿನಲ್ಲಿ ಇಟ್ಟು ಒತ್ತಿದರೆ ತುದಿ ನೇರವಾಗಿ ಮುರಿಯುತ್ತದೆ. ಮುರಿದ ಚೂರನ್ನು ಡಬ್ಬಿಗೇ ಹಾಕಬೇಕು. ಬೆರಳಿಗೆ ಚುಚ್ಚಿಕೊಂಡರೆ ಕಾಣುವುದಿಲ್ಲ, ತೆಗೆಯಲು ಬರುವುದಿಲ್ಲ, ನೋವು ಹೋಗುವುದಿಲ್ಲ.

ಯಂತ್ರದಲ್ಲಿ ಎರಡು ತುದಿ ಎದುರುಬದುರು ಇಟ್ಟು ಮುಚ್ಚಳ ಹಾಕಿದರೆ ಪರದೆಯ ಮೇಲೆ ಎರಡು ಕಂಬಗಳ ಹಾಗೆ ಕಾಣುತ್ತವೆ. ತಾವೇ ಮೆಲ್ಲಗೆ ಹತ್ತಿರ ಬರುತ್ತವೆ. ಒಂದು ಕಿಡಿ. ಕಂಬಗಳ ನಡುವಿನ ಗೆರೆ ಮಾಯ. ಯಂತ್ರ 0.02 ಡಿಬಿ ಎನ್ನುತ್ತದೆ, ಅದು ಜೋಡಣೆಯಲ್ಲಿ ನಷ್ಟವಾಗುವ ಬೆಳಕಿನ ಅಳತೆ. ಮನಸ್ಸಿಗೆ ಹಿತವಾಗುತ್ತದೆ. 0.05ಕ್ಕಿಂತ ಜಾಸ್ತಿ ಬಂದದ್ದನ್ನೆಲ್ಲ ಕತ್ತರಿಸಿ ಮತ್ತೆ ಮಾಡಿಸಿದೆವು.

ಹಗಲು ಗಾಳಿ, ಧೂಳು. ಅದಕ್ಕೇ ಚೇಂಬರಿನ ಮೇಲೆ ತಾಡಪತ್ರಿ ಕಟ್ಟಿ ರಾತ್ರಿ ಕೂರುತ್ತಿದ್ದೆವು. ಮೂರನೆಯ ರಾತ್ರಿ ಹಾಸ್ಟೆಲ್ ಹತ್ತಿರದ ಚೇಂಬರು. ನಮ್ಮ ಎಲ್‌ಇಡಿ ದೀಪದ ಬ್ಯಾಟರಿ ಮುಗಿಯಿತು. ಮೇಲೆ ಬೀದಿದೀಪ ಇತ್ತಲ್ಲ, ಹಳೆಯ ಸೋಡಿಯಂ ದೀಪ, ಅದರ ಹಳದಿ ಬೆಳಕಿನಲ್ಲೇ ಮುಂದುವರಿಸಿದೆವು. ಎಲ್ಲ ಜೋಡಣೆ ಚೆನ್ನಾಗಿ ಬಂತು. ಬೆಳಿಗ್ಗೆ ಲಿಂಕ್ ಪರೀಕ್ಷೆ ಮಾಡಿದರೆ 5 ಮತ್ತು 6ನೇ ಕೋರು ಅದಲುಬದಲಾಗಿ ಬರುತ್ತಿವೆ!

ಕೆಂಪು ಬೆಳಕಿನ ಪೆನ್ನು ತಂದೆವು. ನಾರಿನ ಒಂದು ತುದಿಗೆ ಹಿಡಿದರೆ ಇನ್ನೊಂದು ತುದಿ ಕೆಂಪಗೆ ಹೊಳೆಯುತ್ತದೆ. ತುದಿಯನ್ನು ಕಣ್ಣಿನ ನೇರಕ್ಕೆ ಹಿಡಿಯಬಾರದು, ಬಿಳಿ ಕಾಗದದ ಮೇಲೆ ಬೀಳಿಸಿ ನೋಡಬೇಕು. ಬೂದು ನಾರಿಗೆ ಬೆಳಕು ಕೊಟ್ಟರೆ ಆ ಕಡೆ ಬಿಳಿಯದು ಹೊಳೆಯಿತು. ಹಳದಿ ಬೆಳಕಿನಲ್ಲಿ ಬೂದು, ಬಿಳಿ ಎರಡೂ ಒಂದೇ ಆಗಿ ಕಂಡಿದ್ದವು. ಜೋಡಣೆಗಳನ್ನಿಟ್ಟ ಡಬ್ಬಿ (ಕ್ಲೋಶರ್) ಬಿಚ್ಚಿ ಎರಡು ಜೋಡಣೆ ಮತ್ತೆ ಮಾಡಿಸಿದೆವು. ಆಮೇಲೆ ಚೀಲದಲ್ಲಿ ಇನ್ನೊಂದು ಎಲ್‌ಇಡಿ ದೀಪ ಕಾಯಂ ಆಗಿ ಸೇರಿತು.

ಒಂದೊಂದೇ ಕಟ್ಟಡ

ಸ್ವಿಚ್ಚುಗಳನ್ನು ಶನಿವಾರ ರಾತ್ರಿ ಬದಲಾಯಿಸುತ್ತಿದ್ದೆವು. ವಾರಕ್ಕೆ ಒಂದೇ ಕಟ್ಟಡ. ಎಲ್ಲವನ್ನೂ ಒಂದೇ ವಾರಾಂತ್ಯದಲ್ಲಿ ಮುಗಿಸಿ ಎನ್ನುವ ಒತ್ತಾಯ ಇತ್ತು. ಸೋಮವಾರ ಬೆಳಿಗ್ಗೆ ಹನ್ನೊಂದು ಕಟ್ಟಡದಿಂದ ಒಟ್ಟಿಗೆ ಫೋನ್ ಬಂದರೆ ನಾವು ಮೂವರು ಎಲ್ಲಿಗೆ ಓಡುವುದು?

ಹಳೆಯ ನೆಟ್‌ವರ್ಕ್ ಒಂದೇ ಬಯಲು. ಹಾಸ್ಟೆಲಿನ ಲ್ಯಾಪ್‌ಟಾಪು, ಪರೀಕ್ಷಾ ವಿಭಾಗದ ಸರ್ವರು, ಕಚೇರಿಯ ಪ್ರಿಂಟರು ಎಲ್ಲ ಒಂದರಲ್ಲೇ. ಯಾರೋ ಕೋಣೆಯಲ್ಲಿ ಮನೆ ಬಳಕೆಯ ರೂಟರನ್ನು ತಿರುಗುಮುರುಗು ಜೋಡಿಸಿದರೆ ಅದು ಅಕ್ಕಪಕ್ಕದ ಎಲ್ಲರ ಕಂಪ್ಯೂಟರಿಗೂ ತಾನೇ ಐಪಿ ವಿಳಾಸ ಹಂಚಲು ಶುರು ಮಾಡುತ್ತಿತ್ತು. ಮನೆ ರೂಟರುಗಳು ಹಂಚುವ, 192.168 ಎಂದು ಶುರುವಾಗುವ ವಿಳಾಸ ಕಂಡರೆ ನಮಗೆ ಗೊತ್ತಾಗುತ್ತಿತ್ತು, ಆದರೆ ಯಾವ ಕೋಣೆ ಎಂದು ಹುಡುಕಲು ಸಂಜೆಯಾಗುತ್ತಿತ್ತು. ಈಗ ಪ್ರತಿ ಕಟ್ಟಡಕ್ಕೂ, ಪ್ರತಿ ಬಳಕೆಗೂ ಬೇರೆ ವಿಲ್ಯಾನ್, ಅಂದರೆ ಒಂದೇ ನೆಟ್‌ವರ್ಕಿನೊಳಗೆ ಬೇಲಿ ಹಾಕಿ ಮಾಡಿದ ಬೇರೆ ಬೇರೆ ಜಾಲ. ಡಿಎಚ್‌ಸಿಪಿ ಸ್ನೂಪಿಂಗ್ ಎಂಬ ಕಾವಲು ಹಾಕಿದ್ದೇವೆ. ವಿಳಾಸ ಹಂಚುವ ಹಕ್ಕು ನಮ್ಮ ಸರ್ವರಿಗೆ ಮಾತ್ರ. ಬೇರೆ ಪೋರ್ಟಿನಿಂದ ಆ ಮಾತು ಬಂದರೆ ಸ್ವಿಚ್ಚೇ ಎಸೆದುಬಿಡುತ್ತದೆ.

ಇನ್ನೊಂದು ಹಳೆಯ ಕಾಟ ಲೂಪ್. ಒಂದೇ ತಂತಿಯ ಎರಡೂ ತುದಿಯನ್ನು ಯಾರಾದರೂ ಒಂದೇ ಸ್ವಿಚ್ಚಿಗೆ ಚುಚ್ಚಿದರೆ ಸಂದೇಶ ಸುತ್ತುತ್ತಲೇ ಇದ್ದು ಇಡೀ ನೆಟ್‌ವರ್ಕ್ ಮಲಗುತ್ತದೆ. ಇದಕ್ಕೆ ಮದ್ದು 1985ರಲ್ಲೇ ಬಂದಿದೆ. ರೇಡಿಯಾ ಪರ್ಲ್‌ಮನ್ ಎಂಬ ಎಂಜಿನಿಯರ್ ಸ್ಪ್ಯಾನಿಂಗ್ ಟ್ರೀ ರೂಪಿಸಿದರು. ಸ್ವಿಚ್ಚುಗಳು ತಮ್ಮೊಳಗೇ ಮಾತಾಡಿಕೊಂಡು, ಸುತ್ತು ಬರುವ ದಾರಿಯೊಂದನ್ನು ತಾವೇ ಮುಚ್ಚಿಕೊಳ್ಳುತ್ತವೆ. ನಮ್ಮ ಹಳೆಯ ಅಗ್ಗದ ಸ್ವಿಚ್ಚುಗಳಿಗೆ ಆ ಬುದ್ಧಿ ಇರಲಿಲ್ಲ. ಹೊಸದಕ್ಕೆ ಇದೆ. ಗೋಡೆಯ ಪೋರ್ಟಿಗೆ ಯಾರಾದರೂ ಸ್ವಿಚ್ಚು ಜೋಡಿಸಿ ಸುತ್ತು ಹಾಕಿದರೆ ಆ ಪೋರ್ಟ್ ಮಾತ್ರ ಬಂದ್ ಆಗುತ್ತದೆ, ಉಳಿದವರ ಕೆಲಸ ನಡೆಯುತ್ತದೆ.

ಲಾಗ್, ಅಂದರೆ ಯಾವಾಗ ಏನಾಯಿತು ಎಂಬ ದಾಖಲೆ, ಇಡುವ ಸರ್ವರನ್ನೂ ಆಗಲೇ ಕೂರಿಸಿದೆವು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಏಪ್ರಿಲ್ 2022ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ 180 ದಿನದ ಲಾಗ್ ಇರಬೇಕು. ಎಲ್ಲ ಸ್ವಿಚ್ಚಿನ ಗಡಿಯಾರವೂ ಒಂದೇ ಸಮಯ ತೋರಿಸಬೇಕು. ಗಡಿಯಾರ ಸರಿ ಇಲ್ಲದಿದ್ದರೆ ಲಾಗ್ ಎಷ್ಟಿದ್ದರೂ ಯಾವುದು ಮೊದಲು ಆಯಿತು ಎಂದೇ ತಿಳಿಯುವುದಿಲ್ಲ.

ಫೋನು

ಟೆಲಿಫೋನ್ ಕೋಣೆ ಕಾಕಾನ ರಾಜ್ಯ. ಇಪಿಎಬಿಎಕ್ಸ್ (ಕ್ಯಾಂಪಸ್ಸಿನ ಸ್ವಂತ ಟೆಲಿಫೋನ್ ಎಕ್ಸ್‌ಚೇಂಜು), ಗೋಡೆ ತುಂಬ ತಂತಿ ಜೋಡಿಸುವ ಕ್ರೋನ್ ಮಾಡ್ಯೂಲು, ಜೆಲ್ಲಿ ತುಂಬಿದ ದಪ್ಪ ತಾಮ್ರದ ಕೇಬಲ್ಲು. ಎಲ್ಲ ಕಿತ್ತು, ಕಂಪ್ಯೂಟರ್ ನೆಟ್‌ವರ್ಕಿನಲ್ಲೇ ಮಾತಾಡುವ ಐಪಿ ಫೋನ್ ಹಾಕಿ ಎಂದು ಮೇಲಿನಿಂದ ಹೇಳಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಕಾಕಾ ಒಂದೇ ಪ್ರಶ್ನೆ ಕೇಳಿದರು.

"ಕರೆಂಟ್ ಹೋದ್ರ ಹೆಂಗ್ರಿ ಸರ?"

ಹಳೆಯ ಫೋನಿಗೆ ಕರೆಂಟ್ ಬರುವುದು ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದ, ಅದೇ ಎರಡು ತಂತಿಯಲ್ಲಿ. ಕಟ್ಟಡ ಪೂರ್ತಿ ಕತ್ತಲಾದರೂ ಅದು ಮಾತಾಡುತ್ತದೆ. ಐಪಿ ಫೋನಿಗೆ ಕರೆಂಟ್ ಕೊಡುವುದು ಆ ಮಹಡಿಯ ಸ್ವಿಚ್ಚು. ಸ್ವಿಚ್ಚಿಗೆ ಯುಪಿಎಸ್ ಬೇಕು, ಯುಪಿಎಸ್ಸಿನ ಬ್ಯಾಟರಿ ಸರಿ ಇರಬೇಕು. ಅದಕ್ಕೇ ಕಚೇರಿಗಳಿಗೆಲ್ಲ ಐಪಿ ಫೋನ್ ಹಾಕಿದೆವು. ಲಿಫ್ಟು, ಆರೋಗ್ಯ ಕೇಂದ್ರ, ಎರಡು ಗೇಟು, ಹಾಸ್ಟೆಲ್ ವಾರ್ಡನ್ ಕೋಣೆ, ನೀರಿನ ಪಂಪ್‌ಹೌಸ್ ಇಷ್ಟಕ್ಕೆ ತಾಮ್ರದ ತಂತಿಯನ್ನೇ ಉಳಿಸಿದೆವು. ಎಕ್ಸ್‌ಟೆನ್ಷನ್ ನಂಬರು ಒಂದನ್ನೂ ಬದಲಾಯಿಸಲಿಲ್ಲ. ಆರೋಗ್ಯ ಕೇಂದ್ರದ ಮೂರಂಕಿ ಎಲ್ಲರ ನಾಲಿಗೆಯ ತುದಿಯಲ್ಲಿದೆ. ಅದನ್ನು ಮುಟ್ಟಬಾರದು.

ವೈಫೈ

ಹಾಸ್ಟೆಲಿನಲ್ಲಿ ಮೊದಲು ವೈಫೈ ಕೊಡುವ ಪೆಟ್ಟಿಗೆಯನ್ನು (ಆಕ್ಸೆಸ್ ಪಾಯಿಂಟ್, ಎಪಿ) ಕಾರಿಡಾರಿಗೊಂದರಂತೆ ಹಾಕಿ ನೋಡಿದೆವು. ಕಾರಿಡಾರಿನಲ್ಲಿ ನಿಂತರೆ ಸಿಗ್ನಲ್ ಭರ್ತಿ. ಕೋಣೆಯಲ್ಲಿ ಮಂಚದ ಮೇಲೆ ಕೂತರೆ ಇಲ್ಲ. ಹಳೆಯ ಬ್ಲಾಕಿನ ಗೋಡೆ ಕಲ್ಲಿನದು, ಒಂದೂವರೆ ಅಡಿ ದಪ್ಪ. 5 ಗಿಗಾಹರ್ಟ್ಸ್ ಅಲೆ ಅದನ್ನು ದಾಟುವುದೇ ಕಷ್ಟ. ಶಕ್ತಿ ಹೆಚ್ಚಿಸಿ ಎಂದು ಹುಡುಗರು ಕೇಳಿದರು. ಎಪಿ ಜೋರಾಗಿ ಕೂಗಬಹುದು, ಆದರೆ ಕೋಣೆಯೊಳಗಿನ ಮೊಬೈಲಿನ ದನಿ ಅಷ್ಟು ದೂರ ಬರಬೇಕಲ್ಲ? ಮಾತು ಎರಡೂ ಕಡೆಯಿಂದ ಆಗಬೇಕು.

ಕೊನೆಗೆ ಎರಡು ಕೋಣೆಗೆ ಒಂದರಂತೆ ಚಿಕ್ಕ ಎಪಿ ಹಾಕಿ, ಶಕ್ತಿ ಇನ್ನೂ ತಗ್ಗಿಸಿದೆವು. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಈ ಮೂರು ಚಾನೆಲ್ ಮಾತ್ರ, ಉಳಿದವು ಒಂದರ ಮೇಲೊಂದು ಬೀಳುತ್ತವೆ. ತಂತಿ ಎಳೆಯುವ ಕೆಲಸ ಹೆಚ್ಚಾಯಿತು. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಯಾರೂ ಮೆಟ್ಟಿಲ ಮೇಲೆ ಬಂದು ಕೂರಲಿಲ್ಲ. ಅದನ್ನು ನೋಡಲೆಂದೇ ನಾನು 11 ಗಂಟೆಗೆ ಒಂದು ಸುತ್ತು ಹೋಗಿದ್ದೆ.

ಎಜುರೋಮ್ ಕೂಡ ಶುರು ಮಾಡಿದೆವು, ಇದು ವಿಶ್ವವಿದ್ಯಾಲಯಗಳು ಪರಸ್ಪರ ಹಂಚಿಕೊಳ್ಳುವ ವೈಫೈ ವ್ಯವಸ್ಥೆ. ಭಾರತದಲ್ಲಿ ಇದನ್ನು ನೋಡಿಕೊಳ್ಳುವುದು ಸರ್ಕಾರಿ ಸಂಸ್ಥೆ ಅರ್ನೆಟ್ ಇಂಡಿಯಾ. ಬೇರೆ ವಿಶ್ವವಿದ್ಯಾಲಯದಿಂದ ಬಂದವರು ತಮ್ಮ ಊರಿನ ಲಾಗಿನ್‌ನಲ್ಲೇ ನಮ್ಮ ವೈಫೈ ಬಳಸಬಹುದು. ಪಾಸ್‌ವರ್ಡ್ ನಮ್ಮ ಸರ್ವರಿಗೆ ಕಾಣುವುದಿಲ್ಲ, ಅವರ ಸಂಸ್ಥೆಯೇ ಹೌದೋ ಅಲ್ಲವೋ ಹೇಳುತ್ತದೆ. ಮೊದಲು ಬಂದವರು ಬೇರೆ ರಾಜ್ಯದಿಂದ ವೈವಾ ಪರೀಕ್ಷೆಗೆ ಬಂದ ಪ್ರಾಧ್ಯಾಪಕಿ. ಕಾರಿನಿಂದ ಇಳಿಯುತ್ತಿದ್ದಂತೆ ಫೋನ್ ತಾನಾಗಿಯೇ ಸೇರಿಕೊಂಡಿತ್ತು. ಅವರು ಅದನ್ನು ಹೇಳಲೆಂದೇ ನಮ್ಮ ಕೋಣೆಗೆ ಬಂದರು.

612 ಮೀಟರ್

ಎಲ್ಲ ಮುಗಿದು ಒಂದು ಬೇಸಿಗೆ ಕಳೆದು, ಜೂನ್ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಎಚ್ಚರಿಕೆ ಸಂದೇಶ ಬಂತು. ಗ್ರಂಥಾಲಯದಿಂದ ಪೂರ್ವಕ್ಕೆ ಹೋಗುವ ಆರು ಲಿಂಕ್ ಒಟ್ಟಿಗೆ ಬಿದ್ದಿವೆ. ಯಾವ ಕಟ್ಟಡದಿಂದಲೂ ಫೋನ್ ಬರಲಿಲ್ಲ. ಆರಕ್ಕೆ ಆರೂ ಇನ್ನೊಂದು ದಿಕ್ಕಿನಿಂದ ಓಡುತ್ತಿದ್ದವು. ಉಂಗುರ ತನ್ನ ಕೆಲಸ ಮಾಡಿತ್ತು.

ಓಟಿಡಿಆರ್ ಹಚ್ಚಿದೆವು. ಇದು ನಾರಿನೊಳಗೆ ಬೆಳಕಿನ ಸಣ್ಣ ತುಣುಕು ಬಿಟ್ಟು, ಮರಳಿ ಬಂದ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಮೊದಲ ಕೊಳವೆಯ 12 ನಾರೂ 612 ಮೀಟರಿಗೆ ಕೊನೆ. ಎರಡನೆಯ ಕೊಳವೆ ಪೂರ್ತಿ ಸರಿ ಇದೆ.

ಕಟ್ಟಡದೊಳಗಿನ ಕೇಬಲ್ 22 ಮೀಟರ್. ಅದನ್ನು ಕಳೆದು ಗೋಡೆಯಿಂದ 590 ಮೀಟರ್ ಅಳೆದು ಗುಂಡಿ ತೋಡಿಸಿದೆ. ಕಿತ್ತಳೆ ಪಟ್ಟಿ ಸಿಕ್ಕಿತು, ಪೈಪು ಸಿಕ್ಕಿತು. ಪೈಪಿಗೆ ಒಂದು ಗೀರೂ ಇಲ್ಲ. ಇನ್ನೂ ಎರಡು ಮೀಟರ್ ಆ ಕಡೆ, ಎರಡು ಮೀಟರ್ ಈ ಕಡೆ. ಏನೂ ಇಲ್ಲ. ಮಧ್ಯಾಹ್ನವಾಯಿತು.

ಗುಂಡಿಯ ದಂಡೆಯಲ್ಲಿ ಕೂತು ಚಹಾ ಕುಡಿಯುವಾಗ ಹುಡುಗ ಹೇಳಿದ: "ಸರ್, ಚೇಂಬರಿನ ಸುತ್ತು?" ಗ್ರಂಥಾಲಯದಿಂದ ಇಲ್ಲಿಗೆ ಮೂರು ಚೇಂಬರು. ಒಂದೊಂದರಲ್ಲೂ 10 ಮೀಟರ್ ಸುತ್ತಿಟ್ಟಿದ್ದೇವೆ. ಬೆಳಕು ಆ ಸುತ್ತುಗಳನ್ನೂ ದಾಟಿ ಬರುತ್ತದೆ, ಅಳತೆ ಗಾಲಿ ದಾಟುವುದಿಲ್ಲ. 30 ಕಳೆದರೆ 560. ಅಷ್ಟೇ ಅಲ್ಲ, ಕೊಳವೆಯೊಳಗೆ ನಾರು ಕೇಬಲ್ಲಿಗಿಂತ ಸ್ವಲ್ಪ ಉದ್ದವಾಗಿಯೇ ಇರುತ್ತದೆ. ಅದಕ್ಕೊಂದು ಐದಾರು ಮೀಟರ್ ಹಿಡಿದರೆ 554ರ ಆಸುಪಾಸು.

ಅಷ್ಟು ಹೊತ್ತಿಗೆ ಕಾಕಾ ಆ ಕಡೆ ನಡೆದುಹೋಗಿದ್ದರು. ಅವರಿಗೆ ಯಾವ ಲೆಕ್ಕವನ್ನೂ ನಾವು ಹೇಳಿರಲಿಲ್ಲ. ಒಂದು ಮರದ ಹತ್ತಿರ ಬಗ್ಗಿ ನಿಂತು ಕೈ ಬೀಸಿದರು.

"ಇಲ್ಲಿ ಬರ್ರಿ ಸರ. ಹೆಗ್ಗಣ ಹೊಸಾ ಮಣ್ಣು ತೆಗದೈತಿ ನೋಡ್ರಿ."

ಗಾಲಿ ಉರುಳಿಸಿಕೊಂಡು ಹೋದೆ. 553 ಮೀಟರ್. ತೋಡಿದಾಗ ಸಿಕ್ಕಿದ್ದು ಆ ದಿನ ಸಂಜೆ ಅವಸರದಲ್ಲಿ ಹೂತ ಅದೇ ಕಪ್ಲರ್. ಬೇಸಿಗೆಯಲ್ಲಿ ಮಣ್ಣು ಕುಗ್ಗಿ ಎರಡು ಪೈಪನ್ನೂ ಎರಡು ದಿಕ್ಕಿಗೆ ಎಳೆದಿತ್ತು. ನಡುವೆ ನಾಲ್ಕು ಬೆರಳು ಸಂದು. ಆ ಸಂದಿನಲ್ಲಿ ಹೆಗ್ಗಣ ಕೇಬಲ್ಲನ್ನು ಒಂದು ಮಗ್ಗುಲಿನಿಂದ ಕಡಿದು ಮೊದಲ ಕೊಳವೆಯನ್ನು ಪೂರ್ತಿ ತುಂಡು ಮಾಡಿತ್ತು. ಪೈಪಿನೊಳಗೆ ಹೋಗುವ ಕೇಬಲ್ ಅಲ್ವಾ ಅಂತ ಉಕ್ಕಿನ ಹೊದಿಕೆ ಇಲ್ಲದ್ದನ್ನು ಆರಿಸಿದ್ದೆವು. ಪೈಪು ಬಾಯಿ ಬಿಟ್ಟಾಗ ಅದಕ್ಕೆ ಯಾವ ಕಾವಲೂ ಉಳಿಯಲಿಲ್ಲ.

ಅಲ್ಲೇ ಹೊಸ ಚೇಂಬರ್ ಕಟ್ಟಿಸಿದೆವು. ಪಕ್ಕದ ಚೇಂಬರಿನ ಸುತ್ತಿನಿಂದ 6 ಮೀಟರ್ ಎಳೆದುಕೊಂಡು, ರಾತ್ರಿ ತಾಡಪತ್ರಿ ಕೆಳಗೆ ಕೂತು 24 ಕೋರೂ ಹೊಸದಾಗಿ ಜೋಡಿಸಿದೆವು. ಪೈಪಿನ ಬಾಯಿಗಳಿಗೆಲ್ಲ ಪ್ಲಗ್ ಹಾಕಿದೆವು. ಮಾರನೆಯ ವಾರ ಉಂಗುರದ ಎಲ್ಲ ಚೇಂಬರ್ ತೆಗೆದು ಉಳಿದ ಬಾಯಿಗಳನ್ನೂ ಮುಚ್ಚಿದೆವು. ಮಣ್ಣಿನಲ್ಲಿ ಹೂತ ಕಪ್ಲರ್ ಇನ್ನು ಎರಡು ಇವೆ. ಮುಂದಿನ ಜನವರಿಯಲ್ಲಿ ಅವೆರಡಕ್ಕೂ ಚೇಂಬರ್ ಕಟ್ಟಬೇಕು.

ನಕ್ಷೆಯಲ್ಲಿ ಈಗ ಪ್ರತಿ ಚೇಂಬರಿನ ಪಕ್ಕ ಎರಡು ಅಂಕಿ ಇವೆ: ನೆಲದ ಮೇಲಿನ ದೂರ, ಓಟಿಡಿಆರ್ ತೋರಿಸುವ ದೂರ. ಹೊಸ ಚೇಂಬರನ್ನು ಸೇರಿಸಿ, "ಬೇವಿನ ಮರದಿಂದ ದಕ್ಷಿಣಕ್ಕೆ 2.3 ಮೀಟರ್" ಎಂದು ಬರೆದು ಪ್ರಿಂಟ್ ತೆಗೆದು ಕಾಕಾನ ಮೇಜಿನ ಮೇಲೆ ಇಟ್ಟೆ. ಅವರ ನಿವೃತ್ತಿಗೆ ಇನ್ನು ಹದಿನೈದು ದಿನ ಇತ್ತು. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಒಂದು ಕಡೆ ಬೆರಳು ನಿಂತಿತು. ಪೆನ್ಸಿಲ್ ತೆಗೆದುಕೊಂಡರು.

"ಬೇವಲ್ರಿ ಸರ, ಅದು ಹೊಂಗಿ ಗಿಡ" ಎಂದು ತಿದ್ದಿ ಕೊಟ್ಟರು.